ದುಬೈಗೆ ಹೊಸಬರು, ಇಬ್ಬರು ಮಕ್ಕಳು, ಜುಲೈ ಬಿಸಿಲು. ಮಾಲ್‌ಗೆ ಹೋಗೋದು ಹೇಗೆ?

ಸಾಗರದವಳು:

ಎಲ್ಲರಿಗೂ ನಮಸ್ಕಾರ. ನಾವು ಇಲ್ಲಿಗೆ ಬಂದು ಐದು ವಾರ ಆಯಿತು. ಅಲ್ ನಹ್ದಾದಲ್ಲಿ ಒಂದು ಬೆಡ್‌ರೂಮಿನ ಮನೆ. ಮಗನಿಗೆ ಆರು, ಮಗಳಿಗೆ ಎರಡು ವರ್ಷ. ಊರಲ್ಲಿ ಈಗ ಜಡಿಮಳೆ, ಇಲ್ಲಿ ಬೆಳಿಗ್ಗೆ ಎಂಟಕ್ಕೇ ಬಾಲ್ಕನಿ ಬಾಗಿಲಿನ ಹಿಡಿ ಮುಟ್ಟುವ ಹಾಗಿಲ್ಲ. ಶಾಲೆ ಶುರುವಾಗೋದು ಆಗಸ್ಟ್ ಕೊನೆಗೆ. ಅಲ್ಲಿಯವರೆಗೆ ಮಕ್ಕಳು ಸೋಫಾ ಮೇಲೆ ಕುಣಿಯೋದು, ಕೆಳಗಿನ ಮನೆಯವರು ಬಂದು ಬೆಲ್ ಮಾಡೋದು, ಇದೇ ಆಗಿದೆ.

ಹೋದ ಶನಿವಾರ ಸಂಜೆ ಒಂದು ದೊಡ್ಡ ಮಾಲ್‌ಗೆ ಹೋದೆವು. ಮೊದಲ ಅರ್ಧ ಗಂಟೆ ಚೆನ್ನಾಗಿತ್ತು. ಆಮೇಲೆ ಮಗನ ಕಣ್ಣಿಗೆ ಗೇಮ್ಸ್ ಬಿತ್ತು. ಕಾರ್ಡಿಗೆ ನೂರು ದಿರ್ಹಮ್ ಹಾಕಿಸಿದೆವು, ಇಪ್ಪತ್ತು ನಿಮಿಷಕ್ಕೆ ಖಾಲಿ. ಅತ್ತ ಅಂತ ಇನ್ನೊಂದು ಐವತ್ತು. ನಾನಿನ್ನೂ ಎಲ್ಲವನ್ನೂ ರೂಪಾಯಿಗೆ ಗುಣಿಸಿ ನೋಡುವವಳು, ಹೊಟ್ಟೆ ಉರಿದು ಹೋಯಿತು. ಅಷ್ಟಕ್ಕೆ ಸಿಕ್ಕಿದ ಬಹುಮಾನ ಒಂದು ಪ್ಲಾಸ್ಟಿಕ್ ಹಾವು.

ಅದಾದರೂ ಸರಿ ಅನ್ನಿ. ನಾನು ಮಗಳ ಡೈಪರ್ ಬದಲಾಯಿಸಲು ಹೋದೆ, ಇವರು ಬಿಲ್ಲಿಂಗ್ ಸಾಲಿನಲ್ಲಿ ನಿಂತಿದ್ದರು, ಮಗ ಇವರ ಹತ್ತಿರ ಇದ್ದಾನೆ ಅಂತ ನಾನು, ನನ್ನ ಹತ್ತಿರ ಇದ್ದಾನೆ ಅಂತ ಇವರು. ಹತ್ತು ನಿಮಿಷ ನನ್ನ ಜೀವ ನನ್ನಲ್ಲಿ ಇರಲಿಲ್ಲ. ಕೊನೆಗೆ ನೋಡಿದರೆ ಎಸ್ಕಲೇಟರ್ ಬುಡದಲ್ಲಿ ಸೆಕ್ಯುರಿಟಿ ಹೆಂಗಸಿನ ಕೈ ಹಿಡಿದು ನಿಂತಿದ್ದ. ಅವನಿಗೆ ನಮ್ಮ ನಂಬರ್ ಗೊತ್ತಿಲ್ಲ, ಬಿಲ್ಡಿಂಗ್ ಹೆಸರೂ ಗೊತ್ತಿಲ್ಲ. ಕೇಳಿದ್ದಕ್ಕೆಲ್ಲ "ನಮ್ಮನೆ ಸಾಗರ" ಅಂದನಂತೆ.

ಇವರು ಮನೆಗೆ ಬರೋದು ಏಳೂವರೆಗೆ. ವಾರದ ದಿನ ನಾನೊಬ್ಬಳೇ ಇಬ್ಬರನ್ನೂ ಮೆಟ್ರೋದಲ್ಲಿ ಕರೆದುಕೊಂಡು ಹೋಗಬಹುದಾ? ದುಡ್ಡು ಸುರಿಯದೆ ಸುಮ್ನೆ ಓಡಾಡಿಸಿಕೊಂಡು ಬರಲು ಎಲ್ಲಿಗೆ ಹೋಗಲಿ?

ಬಂಟ್ವಾಳ ಟು ಬರ್ ದುಬೈ:

ಮಾರಾಯ್ರೆ, ಶನಿವಾರ ಸಂಜೆ ಹೋದದ್ದೇ ತಪ್ಪು. 2022ರಿಂದ ಇಲ್ಲಿ ಶನಿವಾರ, ಭಾನುವಾರ ರಜೆ. ಈ ಸೆಕೆಯಲ್ಲಿ ಇಡೀ ಊರೇ ಮಾಲ್ ಒಳಗೆ ಇರುತ್ತದೆ. ಮಂಗಳವಾರವೋ ಬುಧವಾರವೋ ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಹೋಗಿ ನೋಡಿ, ನೆಲ ಒರೆಸುವವರು ಮತ್ತು ನೀವು, ಅಷ್ಟೇ.

ದುಬೈ ಮಾಲ್ ಅಂದ ಕೂಡಲೇ ಖರ್ಚು ಅಂತ ಹೆದರಬೇಡಿ. ಅಲ್ಲಿನ ಅಕ್ವೇರಿಯಂ ಒಂದು ಕೋಟಿ ಲೀಟರ್ ನೀರಿನ ತೊಟ್ಟಿ. ಸುರಂಗದ ಒಳಗೆ ಹೋಗುವುದಾದರೆ ಟಿಕೆಟ್ ಬೇಕು. ಹೊರಗೆ ನಿಂತು ನೋಡುವುದಕ್ಕೆ ಬಿಡಿಗಾಸೂ ಬೇಡ, ಎಂಟು ಮೀಟರ್ ಎತ್ತರದ ಗೋಡೆಯ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂತುಕೊಳ್ಳಿ. ನನ್ನ ಮಗಳು ಚಿಕ್ಕವಳಿದ್ದಾಗ ಅಲ್ಲಿ ತೊರಕೆ ನೋಡಿ "ಅಜ್ಜಿ ಇದರದ್ದೇ ಪುಳಿಮುಂಚಿ ಮಾಡೋದು" ಅಂತ ಕೂಗಿದ್ದಳು. ಪಕ್ಕದಲ್ಲಿ ನಿಂತಿದ್ದ ಕುಂದಾಪುರದವರೊಬ್ಬರು ನಕ್ಕು ಪರಿಚಯವಾದರು, ಅವರ ಮನೆಯವರು ಈಗಲೂ ನಮ್ಮ ಮನೆಗೆ ಬಂದು ಹೋಗುತ್ತಾರೆ.

ಒಂದೇ ತೊಂದರೆ. ಮೆಟ್ರೋ ಸ್ಟೇಷನ್‌ನಿಂದ ಮಾಲ್‌ವರೆಗೆ ಮುಕ್ಕಾಲು ಕಿಲೋಮೀಟರ್‌ಗಿಂತ ಜಾಸ್ತಿ ನಡಿಗೆ. ಎಸಿ ಇದೆ, ನಡುನಡುವೆ ನಿಂತಲ್ಲೇ ಕರೆದುಕೊಂಡು ಹೋಗುವ ಪಟ್ಟಿಯೂ ಇದೆ, ಆದರೂ ಸಣ್ಣವಳಿಗೆ ಸ್ಟ್ರೋಲರ್ ಬೇಕೇ ಬೇಕು.

ಇಬ್ಬರ ಅಮ್ಮ:

ಖಂಡಿತ ಒಬ್ಬರೇ ಹೋಗಬಹುದು, ನಾನು ಹೋಗುತ್ತಿದ್ದೆ. ಅಲ್ ನಹ್ದಾ ಗ್ರೀನ್ ಲೈನ್, ಯೂನಿಯನ್ ಸ್ಟೇಷನ್‌ನಲ್ಲಿ ಇಳಿದು ರೆಡ್ ಲೈನ್ ಹತ್ತಬೇಕು. ಎಲ್ಲ ಕಡೆ ಲಿಫ್ಟ್ ಇದೆ. ಮಗಳಿಗೆ ಟಿಕೆಟ್ ಬೇಡ (ಐದು ವರ್ಷದೊಳಗೆ ಫ್ರೀ), ಮಗನಿಗೆ ನೋಲ್ ಕಾರ್ಡ್ (ದುಡ್ಡು ತುಂಬಿಸಿ ಬಳಸುವ ಮೆಟ್ರೋ ಕಾರ್ಡ್) ಮಾಡಿಸಿ. ಹೆಂಗಸರು, ಮಕ್ಕಳಿಗೆ ಅಂತಲೇ ಬೇರೆ ಕ್ಯಾಬಿನ್ ಇರುತ್ತೆ, ಪ್ಲಾಟ್‌ಫಾರ್ಮ್ ಮೇಲೆ ಪಿಂಕ್ ಗುರುತು ನೋಡಿಕೊಂಡು ನಿಲ್ಲಿ. ಮುಖ್ಯವಾದ ವಿಷಯ, ರೈಲಿನ ಒಳಗೆ ತಿನ್ನುವಂತಿಲ್ಲ, ಕುಡಿಯುವಂತಿಲ್ಲ, 100 ದಿರ್ಹಮ್ ದಂಡ. ಮಗು ಅತ್ತರೂ ಬಿಸ್ಕತ್ತು ತೆಗೆಯಬೇಡಿ. ಹತ್ತುವ ಮೊದಲೇ ಬಾಳೆಹಣ್ಣು ತಿನ್ನಿಸಿಬಿಡಿ.

ಸ್ವೆಟರ್ ತಗೊಂಡು ಹೋಗಿ. ತಮಾಷೆ ಅಲ್ಲ. ಹೊರಗೆ ನಲವತ್ತೈದು ಡಿಗ್ರಿ ಅಂತ ನಾನು ತೋಳಿಲ್ಲದ ಫ್ರಾಕ್ ಹಾಕಿಸಿ ಹೋಗಿ, ಮಾರನೇ ದಿನದಿಂದ ಒಂದು ವಾರ ಮಗುವಿನ ಮೂಗು ಒರೆಸಿದ್ದೇ ಕೆಲಸ.

ನಂಬರ್ ವಿಷಯ. ಕೈ ಮೇಲೆ ಬಾಲ್‌ಪೆನ್ನಲ್ಲಿ ಬರೆದರೆ ಬೆವರಿಗೆ ಅಳಿಸಿ ಹೋಗುತ್ತೆ. ನಾನು ಶರ್ಟಿನ ಒಳಮಡಿಕೆಯಲ್ಲಿ ಮಾರ್ಕರ್‌ನಿಂದ ಬರೆಯುತ್ತಿದ್ದೆ. ಜೊತೆಗೆ ಮಗ್ಗಿ ಹೇಳುವ ರಾಗದಲ್ಲಿ ಬಾಯಿಪಾಠ ಮಾಡಿಸಿದೆ, ಎರಡೇ ದಿನಕ್ಕೆ ಬಂತು. ತಪ್ಪಿಸಿಕೊಂಡರೆ ಹುಡುಕಿಕೊಂಡು ಓಡಬೇಡ, ನಿಂತಲ್ಲೇ ನಿಲ್ಲು, ಯೂನಿಫಾರ್ಮ್ ಹಾಕಿದವರಿಗೆ ಹೇಳು ಅಂತ ಹೇಳಿಕೊಡಿ. ನಿಮ್ಮ ಮಗ ಅಷ್ಟನ್ನು ತಾನಾಗೇ ಮಾಡಿದ್ದಾನೆ, ಬೈಯಬೇಡಿ ಪಾಪ.

ಗೇಮ್ಸ್ ಕಾರ್ಡನ್ನು ಮನೆಯಲ್ಲೇ ಬಿಟ್ಟು ಹೋಗಿ. ಹೊರಡುವಾಗಲೇ "ಇವತ್ತು ಮೀನು, ಆಮೇಲೆ ಒಂದು ಐಸ್‌ಕ್ರೀಮ್, ಮನೆ" ಅಂತ ಹೇಳಿಬಿಟ್ಟರೆ ಅರ್ಧ ಗಲಾಟೆ ಕಮ್ಮಿ. ಪೂರ್ತಿ ಕಮ್ಮಿ ಆಗಲ್ಲ, ಸುಳ್ಳು ಹೇಳಲ್ಲ.

ಮರಳುಗಾಡಿನ ಮೇಷ್ಟ್ರು:

ನನಗೆ ಮಾಲ್ ಅಂದರೇ ಅಲರ್ಜಿ. ಬೇಸಿಗೆಯಲ್ಲಿ ಬೇರೆ ದಾರಿ ಇಲ್ಲ, ಒಪ್ಪುತ್ತೇನೆ. ನವೆಂಬರ್ ಬಂದು ತಣ್ಣಗೆ ಗಾಳಿ ಬೀಸುವಾಗಲೂ ಮಕ್ಕಳನ್ನು ಎಸಿಯೊಳಗೆ ತಿರುಗಿಸುವ ನಮ್ಮವರನ್ನು ಕಂಡರೆ ಮಾತ್ರ ಸಿಟ್ಟು ಬರುತ್ತೆ. ಜಬೀಲ್ ಪಾರ್ಕಿಗೆ ಐದು ದಿರ್ಹಮ್ ಕೊಟ್ಟರೆ ಇಡೀ ದಿನ ಹುಲ್ಲಿನ ಮೇಲೆ ಉರುಳಬಹುದು, ಅಲ್ವಾ?

ನಾನು ಮನಸಾರೆ ಹೋಗುವ ಮಾಲ್ ಒಂದೇ, ಇಬ್ನ್ ಬತೂತಾ. ನಿಮಗೆ ದೂರ, ಊರಿನ ಇನ್ನೊಂದು ತುದಿ. ಆದರೆ ಡ್ರೈವರ್ ಇಲ್ಲದ ರೈಲು, ಕಿಟಕಿ ಪಕ್ಕ ಕೂರಿಸಿದರೆ ಪ್ರಯಾಣವೇ ಮಕ್ಕಳಿಗೆ ಒಂದು ಆಟ. ಇಬ್ನ್ ಬತೂತಾ ಅನ್ನೋದು ಹಳೇ ಕಾಲದ ಒಬ್ಬ ಪ್ರವಾಸಿಯ ಹೆಸರು. ಆತ ಓಡಾಡಿದ ನಾಡುಗಳ ಹೆಸರಲ್ಲಿ ಮಾಲ್ ಒಳಗೆ ಆರು ಅಂಗಳ ಮಾಡಿದ್ದಾರೆ, ಸ್ಪೇನಿನ ಅಂದಲೂಸಿಯಾದಿಂದ ಹಿಡಿದು ಚೀನಾವರೆಗೆ. ಚೀನಾದ್ದರಲ್ಲಿ ದೊಡ್ಡ ಮರದ ಹಡಗು ನಿಂತಿದೆ. ಇಂಡಿಯಾದ್ದರಲ್ಲಿ ಆನೆ ಗಡಿಯಾರ ಇದೆ, ಅಲ್ ಜಝರಿ ಎಂಬಾತ ಎಂಟುನೂರು ವರ್ಷದ ಹಿಂದೆ ಬರೆದಿಟ್ಟ ಯಂತ್ರದ ಮಾದರಿ. ಆನೆಯ ಬೆನ್ನ ಮೇಲೆ ಮಾವುತ, ಹಾವು, ಹಕ್ಕಿ ಎಲ್ಲ ಇವೆ. ಮಗನಿಗೆ ಒಂದೊಂದಾಗಿ ಹುಡುಕಲು ಹೇಳಿ.

ಇನ್ನೊಂದು ಮಾತು, ನೀವು ಸಾಗರದವರು ಅಂದಿದ್ದಕ್ಕೆ. ಈ ಇಬ್ನ್ ಬತೂತಾ 14ನೇ ಶತಮಾನದಲ್ಲಿ ನಿಮ್ಮ ಘಟ್ಟದ ಕೆಳಗಿನ ಹೊನ್ನಾವರಕ್ಕೆ ಬಂದಿದ್ದ. ಅಲ್ಲಿ ಹೆಣ್ಣುಮಕ್ಕಳಿಗೆ 13 ಶಾಲೆ, ಗಂಡುಮಕ್ಕಳಿಗೆ 23 ಶಾಲೆ ಕಂಡೆ, ಬೇರೆಲ್ಲೂ ಹೀಗೆ ನೋಡಿಲ್ಲ ಅಂತ ಬರೆದಿದ್ದಾನೆ. ಮಗನಿಗೆ ಹೇಳಿ, ನಮ್ಮೂರ ಕಡೆ ಬಂದು ಹೋದವನ ಮಾಲ್ ಇದು ಅಂತ.

ಸಾಗರದವಳು:

ಎಲ್ಲರಿಗೂ ಥ್ಯಾಂಕ್ಸ್. ನಿನ್ನೆ ಧೈರ್ಯ ಮಾಡಿ ಮೀನು ನೋಡಲು ಹೋಗಿ ಬಂದೆವು. ಇಬ್ಬರೂ ಗಾಜಿಗೆ ಮೂಗು ಒತ್ತಿಕೊಂಡು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ. ಮೆಟ್ರೋದಿಂದ ಮಾಲ್‌ಗೆ ನಡೆಯುವ ಆ ಸೇತುವೆಯಲ್ಲಿ ಮಗಳು ಸ್ಟ್ರೋಲರ್ ಬೇಡ ಅಂತ ಹಟ ಮಾಡಿದಳು, ಅವಳನ್ನು ಎತ್ತಿಕೊಂಡು ಖಾಲಿ ಸ್ಟ್ರೋಲರ್ ತಳ್ಳಿಕೊಂಡು ನಡೆದೆ. ಒಟ್ಟು ಖರ್ಚು ಮೆಟ್ರೋ ಮತ್ತು ಎರಡು ಐಸ್‌ಕ್ರೀಮ್.

ನಂಬರ್ ಒಂದೇ ದಿನಕ್ಕೆ ಬಾಯಿಗೆ ಬಂತು ಇವನಿಗೆ. ಈಗ ಲಿಫ್ಟಲ್ಲಿ ಸಿಕ್ಕವರಿಗೆಲ್ಲ ಮಗ್ಗಿ ರಾಗದಲ್ಲಿ ನನ್ನ ನಂಬರ್ ಹೇಳುತ್ತಿದ್ದಾನೆ. ಅದನ್ನ ನಿಲ್ಲಿಸೋದು ಹೇಗೆ ಅಂತ ಯಾರಾದರೂ ಹೇಳಿ.