ಅಂಜೂರದ ಎಲೆ ಕಂದಾಗಿ ಉದುರ್ತಿದೆ: ಔಷಧಿ ಹೊಡೆಯೋದಾ, ಬೇಡವಾ?

ಪ್ರಶ್ನೆ:

ಎಲ್ಲರಿಗೂ ನಮಸ್ಕಾರ. ನಾವಿರೋದು ಮೈಸೂರಲ್ಲಿ. ಮನೆಯ ಹಿಂದೆ ನೆಲದಲ್ಲಿ ಒಂದು ಅಂಜೂರದ ಗಿಡ ಇದೆ, ಟೆರೇಸ್ ಮೇಲೆ ಕುಂಡದಲ್ಲಿ ಇನ್ನೊಂದು. ಮಳೆ ಹಿಡಿದ ಮೇಲೆ ನೆಲದ ಗಿಡದ ಎಲೆಗಳಲ್ಲಿ ಸಣ್ಣ ಹಳದಿ ಚುಕ್ಕೆ ಕಾಣಿಸಿಕೊಂಡು, ಆಮೇಲೆ ಕಂದು ಬಣ್ಣಕ್ಕೆ ತಿರುಗಿ ಎಲೆ ಉದುರುತ್ತಿದೆ. ಬೆಳಗ್ಗೆ ಗುಡಿಸಿದರೆ ಸಂಜೆಗೆ ಮತ್ತೆ ಅಷ್ಟೇ ಬಿದ್ದಿರುತ್ತದೆ. ಕುಂಡದ ಗಿಡದ ಎಲೆ ಅಂಚಿನಿಂದ ಒಣಗುತ್ತಿದೆ. ಗೊಬ್ಬರದ ಅಂಗಡಿಯವರು ಒಂದು ಕೀಟನಾಶಕ ಕೊಟ್ಟಿದ್ದಾರೆ. ಎರಡಕ್ಕೂ ಹೊಡೆಯಲಾ? ಕಾಯಿ ಇದೆ, ಮಕ್ಕಳು ತಿನ್ನುತ್ತಾರೆ ಅಂತ ಭಯ.

ಉತ್ತರ:

ದಯವಿಟ್ಟು ಈಗಲೇ ಹೊಡೆಯಬೇಡಿ. ಮೊದಲು ಎಲೆ ತಿರುಗಿಸಿ ನೋಡಿ. ಅಂಜೂರದಲ್ಲಿ ರೋಗದ ಗುಟ್ಟೆಲ್ಲ ಇರೋದು ಎಲೆಯ ಅಡಿಭಾಗದಲ್ಲಿ.

ನೆಲದ ಗಿಡದ ಒಂದು ಎಲೆ ಕಿತ್ತು, ಅದರ ಕೆಳಗಡೆ ಬಿಳಿ ಬಟ್ಟೆಯಿಂದ ಉಜ್ಜಿ. ಬಟ್ಟೆಗೆ ಇಟ್ಟಿಗೆ ಬಣ್ಣದ ಪುಡಿ ಅಂಟಿದರೆ ಅದು ತುಕ್ಕು ರೋಗ. ಇದು ಶಿಲೀಂಧ್ರದಿಂದ ಬರುವಂಥದ್ದು, ಕೀಟನಾಶಕ ಇದಕ್ಕೆ ಏನೂ ಮಾಡಲ್ಲ. ಪುಡಿ ಏನೂ ಬರದೆ, ಎಲೆ ಮಂಕಾಗಿ ಸಣ್ಣ ಬಿಳಿ ಚುಕ್ಕೆ ತುಂಬಿದ್ದರೆ ಇನ್ನೊಂದು ಪರೀಕ್ಷೆ ಮಾಡಿ. ಬಿಳಿ ಹಾಳೆ ಹಿಡಿದು ಅದರ ಮೇಲೆ ಎಲೆಯನ್ನು ತಟ್ಟಿ. ಬಿದ್ದ ಚುಕ್ಕೆಗಳು ಹರಿದಾಡಿದರೆ ನುಸಿ. ಆದರೆ ನುಸಿಗೆ ಒಣ ಬಿಸಿಲು ಬೇಕು, ಮಾರ್ಚ್-ಏಪ್ರಿಲ್‌ನಲ್ಲಿ ಅದರ ಕಾಟ ಜಾಸ್ತಿ. ಈ ಮಳೆಯಲ್ಲಿ ನನಗೆ ಮೊದಲ ಅನುಮಾನ ತುಕ್ಕಿನ ಮೇಲೇ.

ಕುಂಡದ್ದು ಬೇರೆ ಕಥೆ ಇರಬೇಕು. ಯಾವ ನೀರು ಹಾಕ್ತೀರಿ? ಕುಂಡದ ಬಾಯಲ್ಲಿ ಬಿಳಿ ಪದರ ಕಟ್ಟಿದೆಯಾ? ಹೊಸ ಚಿಗುರು ಹೇಗಿದೆ? ಇಷ್ಟು ನೋಡಿ ಹೇಳಿ.

ಪ್ರಶ್ನೆ ಕೇಳಿದವರು:

ನೀವು ಹೇಳಿದ ಹಾಗೇ ಆಯ್ತು. ಬಟ್ಟೆ ಪೂರ್ತಿ ಕೆಂಪುಕಂದು! ಕುಂಡಕ್ಕೆ ಹಾಕೋದು ಬೋರ್‌ವೆಲ್ ನೀರು, ಟೆರೇಸ್ ಮೇಲೆ ಶೀಟ್ ಇರೋದರಿಂದ ಮಳೆ ಬೀಳಲ್ಲ. ಬಿಳಿ ಪದರ ಇದೆ. ಚಿಗುರು ಎಲೆಗಳಲ್ಲಿ ತಿಳಿ ಹಳದಿ ಮಚ್ಚೆಗಳಿವೆ, ಒಂದೆರಡು ಎಲೆ ಸೊಟ್ಟಗಿವೆ. ಆ ಮಚ್ಚೆಗಳಲ್ಲಿ ಪುಡಿ ಇಲ್ಲ.

ಉತ್ತರ:

ಹಾಗಾದರೆ ನೆಲದ ಗಿಡಕ್ಕೆ ತುಕ್ಕು, ಅನುಮಾನವೇ ಇಲ್ಲ. ಗಿಡ ಸಾಯಲ್ಲ, ಧೈರ್ಯವಾಗಿರಿ. ಆದರೆ ಎಲೆ ಬೇಗ ಉದುರಿದರೆ ಕಾಯಿ ಸರಿಯಾಗಿ ಹಣ್ಣಾಗಲ್ಲ. ವರ್ಷ ವರ್ಷ ಹೀಗೇ ಆದರೆ ಗಿಡ ಸೊರಗುತ್ತದೆ.

ಬಿದ್ದ ಎಲೆಯನ್ನು ಬುಡದಲ್ಲಿ ಬಿಡಬೇಡಿ, ಗೊಬ್ಬರದ ಗುಂಡಿಗೂ ಹಾಕಬೇಡಿ. ರೋಗ ಅಲ್ಲಿಂದಲೇ ಮತ್ತೆ ಹತ್ತುತ್ತದೆ. ನನ್ನ ಪ್ರಕಾರ ಅರ್ಧ ಚಿಕಿತ್ಸೆ ಇಷ್ಟೇ. ನೀರನ್ನು ಎಲೆ ಮೇಲೆ ಹಾರಿಸದೆ ಬುಡಕ್ಕೆ ಹಾಕಿ. ಒಳಗೆ ಒತ್ತೊತ್ತಾಗಿ ಬೆಳೆದ ರೆಂಬೆಗಳನ್ನು ಮಳೆ ನಿಂತ ಮೇಲೆ ಸವರಿ, ಗಾಳಿ ಆಡಲಿ.

ಔಷಧಿ ಬೇಕೇ ಬೇಕು ಅಂದರೆ ಶೇಕಡಾ 1ರ ಬೋರ್ಡೋ ದ್ರಾವಣ. 10 ಲೀಟರಿಗೆ 100 ಗ್ರಾಂ ಮೈಲುತುತ್ತ (ಕಾಪರ್ ಸಲ್ಫೇಟ್), 100 ಗ್ರಾಂ ಸುಣ್ಣ. ಎರಡನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಬಕೆಟ್‌ನಲ್ಲಿ 5-5 ಲೀಟರ್ ನೀರಿಗೆ ಕರಗಿಸಿ. ಕಬ್ಬಿಣದ ಪಾತ್ರೆ ಬೇಡ. ಆಮೇಲೆ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಸುರಿಯುತ್ತಾ ಕಲಕಿ. ಅಡಿಕೆ ತೋಟದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ ಅಲ್ವಾ, ಮಳೆಗಾಲ ಬಂದರೆ ಕೊಳೆರೋಗಕ್ಕೆ ಅವರು ಹೊಡೆಯೋದೂ ಇದನ್ನೇ. ಹೊಳೆಯುವ ಕಬ್ಬಿಣದ ಚಾಕುವನ್ನು ಅದರಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆಯಿರಿ. ಅಲಗಿನ ಮೇಲೆ ತಾಮ್ರದ ಕೆಂಪು ಕೂತರೆ ಸುಣ್ಣ ಸಾಲದು ಅಂತ. ಇನ್ನಷ್ಟು ಸುಣ್ಣದ ತಿಳಿ ಸೇರಿಸಿ, ಇಲ್ಲದಿದ್ದರೆ ಎಲೆ ಸುಡುತ್ತದೆ. ಅದೇ ದಿನ ಬಳಸಿ ಮುಗಿಸಿ. ಎಲೆಯ ಅಡಿಭಾಗ ನೆನೆಯುವ ಹಾಗೆ ಹೊಡೆಯಬೇಕು. ಈಗಾಗಲೇ ಕಂದಾದ ಎಲೆ ಮತ್ತೆ ಹಸಿರಾಗಲ್ಲ, ಇದು ಉಳಿದ ಎಲೆಗಳನ್ನು ಕಾಯೋದಕ್ಕೆ ಅಷ್ಟೇ. ಹಣ್ಣಾಗುತ್ತಿರುವ ಕಾಯಿ ಇದ್ದರೆ ಈ ಸಲ ಹೊಡೆಯೋದೇ ಬೇಡ. ಮಕ್ಕಳು ತಿನ್ನುವ ಹಣ್ಣು, ಮೊದಲು ಅದನ್ನು ಕೊಯ್ದುಕೊಳ್ಳಿ.

ಕುಂಡದ ಗಿಡದ ಅಂಚು ಸುಡುತ್ತಿರೋದು ಉಪ್ಪಿನಿಂದ. ಗಡಸು ನೀರಿನ ಉಪ್ಪು ಮಣ್ಣಲ್ಲೇ ಉಳಿದು ಸೇರುತ್ತಾ ಹೋಗಿದೆ, ಮಳೆ ಬಿದ್ದು ತೊಳೆದುಹೋಗೋಕೂ ದಾರಿ ಇಲ್ಲ. ಕುಂಡವನ್ನು ಶೀಟ್‌ನಿಂದ ಆಚೆ ಇಡಿ. ತಳದ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ಮಳೆನೀರು ಹಾಕಿ, ಸ್ವಲ್ಪ ಬಿಟ್ಟು ಇನ್ನೊಂದು ಸಲ ಹಾಕಿ. ಹೊಸ ಎಲೆ ಸರಿಯಾಗಿ ಬರುವವರೆಗೂ ರಾಸಾಯನಿಕ ಗೊಬ್ಬರ ನಿಲ್ಲಿಸಿ.

ಚಿಗುರಿನ ಹಳದಿ ಮಚ್ಚೆ ಮಾತ್ರ ಬೇಸರದ ವಿಷಯ. ನೀವು ಹೇಳೋ ಲಕ್ಷಣ ನೋಡಿದರೆ ಮೊಸಾಯಿಕ್ ಇರಬೇಕು. ಇದು ವೈರಸ್, ಔಷಧಿ ಇಲ್ಲ. ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯಿಂದ ಹರಡುತ್ತದೆ, ಅದಕ್ಕಿಂತ ಜಾಸ್ತಿ ನಾವು ನೆಡೋಕೆ ಅಂತ ಹಂಚಿಕೊಳ್ಳುವ ಕಡ್ಡಿಗಳಿಂದ. ಕೀಳಬೇಕಾಗಿಲ್ಲ. ಚೆನ್ನಾಗಿ ನೋಡಿಕೊಂಡರೆ ಎಷ್ಟೋ ಗಿಡ ಇದನ್ನು ಇಟ್ಟುಕೊಂಡೇ ಹಣ್ಣು ಕೊಡುತ್ತವೆ.

ಇನ್ನೊಬ್ಬರು:

ಒಂದು ಮಾತು ಸೇರಿಸ್ತೀನಿ. ಎಲೆ ಮೇಲೆ ಚುಕ್ಕೆ ಇಲ್ಲದೆ ಗಿಡ ಸುಮ್ನೆ ಬಾಡುತ್ತಿದ್ದರೆ ಕಾಂಡ ನೋಡಿ. ತೂತು, ಅದರ ಕೆಳಗೆ ಮರದ ಹೊಟ್ಟು ಇದ್ದರೆ ಕಾಂಡ ಕೊರೆಯುವ ಹುಳು. ಬೇರಲ್ಲಿ ಗಂಟು ಗಂಟು ಇದ್ದರೆ ಜಂತುಹುಳು (ಮಣ್ಣಲ್ಲಿದ್ದು ಬೇರಿಗೆ ಹತ್ತುವ ಸೂಕ್ಷ್ಮ ಹುಳು, ನೆಮಟೋಡ್), ಅದರಲ್ಲೂ ಮರಳು ಮಣ್ಣಿನಲ್ಲಿ ಕಾಟ ಹೆಚ್ಚು.

ಪ್ರಶ್ನೆ ಕೇಳಿದವರು:

ತುಂಬಾ ಉಪಕಾರ ಆಯ್ತು. ಕುಂಡ ಆಚೆ ಇಟ್ಟೆ. ಅಕ್ಕ ಮಂಡ್ಯದಿಂದ ಕಡ್ಡಿ ಕೇಳಿದ್ದಾರೆ, ಕೊಡಬಹುದಾ?

ಉತ್ತರ:

ಕುಂಡದ ಗಿಡದ್ದು ಬೇಡವೇ ಬೇಡ. ನೆಲದ ಗಿಡದ್ದು ಕೊಡಿ, ಆದರೆ ಅದರ ಮುಂದಿನ ಚಿಗುರಲ್ಲಿ ಹಳದಿ ಮಚ್ಚೆ ಇಲ್ಲ ಅಂತ ನೋಡಿಕೊಂಡ ಮೇಲೆ. ಪೆನ್ಸಿಲ್ ದಪ್ಪದ ಬಲಿತ ಕಡ್ಡಿ ಆರಿಸಿ, ಒಂದು ಎಲೆಯೂ ಇರದ ಹಾಗೆ ತೆಗೆದು ಕಳಿಸಿ. ಕತ್ತರಿಸುವಾಗ ಗ್ಲೌಸ್ ಹಾಕಿಕೊಳ್ಳಿ. ಅಂಜೂರದ ಹಾಲು ಮೈಗೆ ತಾಗಿ ಅದರ ಮೇಲೆ ಬಿಸಿಲು ಬಿದ್ದರೆ ಚರ್ಮ ಸುಟ್ಟ ಹಾಗೆ ಬೊಬ್ಬೆ ಬರುತ್ತದೆ. ಮಕ್ಕಳನ್ನು ಹತ್ತಿರ ಬಿಡಬೇಡಿ.