ಉದ್ಯಮದ ತೀರ್ಮಾನಗಳಲ್ಲಿ ‘ಬಯಾಸ್’: ಪಕ್ಷಪಾತ ಎನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ಕಂಪನಿಗಳಲ್ಲಿ ತೀರ್ಮಾನ ತೆಗೆದುಕೊಳ್ಳುವವರಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಬರೆಯುತ್ತಿದ್ದೇನೆ. ನಮಗೇ ತಿಳಿಯದೆ ನಮ್ಮ ಯೋಚನೆ, ಅಂದಾಜು ಒಂದು ಕಡೆಗೆ ವಾಲುವುದನ್ನು ಇಂಗ್ಲಿಷಿನಲ್ಲಿ ‘ಕಾಗ್ನಿಟಿವ್ ಬಯಾಸ್’ ಎನ್ನುತ್ತಾರೆ. ಅದಕ್ಕೆ ಸರಿಯಾದ ಪದ ಸಿಗುತ್ತಿಲ್ಲ. ಪಕ್ಷಪಾತ, ಪೂರ್ವಗ್ರಹ ಎರಡೂ ಚಾಲ್ತಿಯಲ್ಲಿವೆ. ಎರಡೂ ಇಲ್ಲಿ ಹೊಂದುವುದಿಲ್ಲ ಅನ್ನೋದು ನನ್ನ ಅನಿಸಿಕೆ.

ಪಕ್ಷಪಾತ ಅಂದ ಕೂಡಲೇ ಒಬ್ಬರ ಪರ ವಹಿಸಿದ ಹಾಗೆ ಕೇಳಿಸುತ್ತದೆ. ತಪ್ಪು ಮಾಡಿದವರು ಯಾರೋ ಇದ್ದಾರೆ ಅನಿಸುತ್ತದೆ. ಪೂರ್ವಗ್ರಹ ಅಂದರೆ ಮೊದಲೇ ಒಂದು ಅಭಿಪ್ರಾಯ ಗಟ್ಟಿಯಾಗಿ ಕೂತಿರಬೇಕು. ಆದರೆ ಮನೋವಿಜ್ಞಾನಿಗಳಾದ ಏಮಸ್ ಟ್ವರ್ಸ್ಕಿ ಮತ್ತು ಡೇನಿಯಲ್ ಕಾನೆಮನ್ 1974ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವಿವರಿಸಿದ ಪ್ರಯೋಗ ನೋಡಿ. ಜನರ ಎದುರು ಅಂಕಿಗಳಿರುವ ಒಂದು ಚಕ್ರ ತಿರುಗಿಸಿದರು. ಅದು 10ರಲ್ಲಿ ಇಲ್ಲವೇ 65ರಲ್ಲಿ ನಿಲ್ಲುವಂತೆ ಮೊದಲೇ ಮಾಡಿಟ್ಟಿದ್ದರು. ಆಮೇಲೆ, ವಿಶ್ವಸಂಸ್ಥೆಯ ಸದಸ್ಯ ದೇಶಗಳಲ್ಲಿ ಆಫ್ರಿಕಾದವು ಶೇಕಡಾ ಎಷ್ಟಿರಬಹುದು ಎಂದು ಕೇಳಿದರು. 10 ಕಂಡವರ ಅಂದಾಜು 25ರ ಸುತ್ತ ಇತ್ತು, 65 ಕಂಡವರದು 45ರ ಸುತ್ತ. ಚಕ್ರಕ್ಕೂ ಪ್ರಶ್ನೆಗೂ ಯಾವ ಸಂಬಂಧವೂ ಇಲ್ಲ. ಉತ್ತರ ಕೊಟ್ಟವರು ಯಾರ ಪಕ್ಷವನ್ನೂ ವಹಿಸಿರಲಿಲ್ಲ ಅಲ್ವಾ? ಅವರ ಎಣಿಕೆ ಮಾತ್ರ, ಅವರಿಗೇ ತಿಳಿಯದೆ, ಒಂದು ಕಡೆಗೆ ವಾಲಿತು.

ಕಂಪನಿಗಳಲ್ಲಿ ನಡೆಯುವುದೂ ಇದೇ. ಹೋದ ವರ್ಷದ ಬಜೆಟ್ಟಿನ ಅಂಕಿ ಎದುರಿಗಿದ್ದರೆ ಈ ವರ್ಷದ ಚರ್ಚೆ ಅದರ ಅಕ್ಕಪಕ್ಕದಲ್ಲೇ ಸುತ್ತುತ್ತದೆ. ಚೌಕಾಸಿಯಲ್ಲಿ ಮೊದಲು ಬಾಯಿಗೆ ಬಂದ ಬೆಲೆಯೇ ಕೊನೆಯ ಬೆಲೆಯನ್ನು ಎಳೆಯುತ್ತದೆ. ಇಂಥ ಕಡೆ ಒಬ್ಬ ಮ್ಯಾನೇಜರಿಗೆ ‘ನಿಮ್ಮದು ಪಕ್ಷಪಾತ’ ಎಂದರೆ ಅವರು ಲೆಕ್ಕವನ್ನು ಮತ್ತೆ ನೋಡುವುದಿಲ್ಲ. ತಮ್ಮ ಪ್ರಾಮಾಣಿಕತೆಯನ್ನು ಸಮರ್ಥಿಸಿಕೊಳ್ಳಲು ನಿಲ್ಲುತ್ತಾರೆ. ಪದದ ಬಗ್ಗೆ ನಾನು ಇಷ್ಟು ಹಠ ಹಿಡಿದಿರುವುದು ಇದಕ್ಕೇ.

ನನಗೆ ಹೊಳೆದದ್ದು ‘ಓರೆ’. ಇಂಗ್ಲಿಷಿನ ಬಯಾಸ್ ಬಂದದ್ದು ಓರೆ ಎಂಬ ಅರ್ಥದ ಫ್ರೆಂಚ್ ಪದದಿಂದ. ತಕ್ಕಡಿಯ ಒಂದು ತಟ್ಟೆ ಮೊದಲೇ ತುಸು ಕೆಳಗಿದ್ದರೆ ತೂಗುವವರು ಎಷ್ಟೇ ನಿಯತ್ತಿನವರಾದರೂ ತೂಕ ತಪ್ಪುತ್ತದೆ. ‘ಎಣಿಕೆಯ ಓರೆ’ ಎಂದರೆ ಆ ಅರ್ಥ ಬರುತ್ತದೆ ಅಂದುಕೊಂಡಿದ್ದೇನೆ. ಆದರೆ ಎರಡು ಅನುಮಾನಗಳಿವೆ. ‘ಓರೆಕೋರೆ’ಯ ನೆನಪಾಗಿ ಮತ್ತೆ ದೂರಿದ ಹಾಗೆ ಕೇಳಿಸಬಹುದು. ಇನ್ನೊಂದು, ‘ಒರೆಗೆ ಹಚ್ಚು’ ಎಂಬುದರ ಒರೆಯ ಜೊತೆ ಓದುಗರು ಗೊಂದಲ ಮಾಡಿಕೊಳ್ಳಬಹುದು. ಅಲ್ಲಿ ಒಕಾರ ಹ್ರಸ್ವ, ಅರ್ಥ ಪೂರ್ತಿ ಬೇರೆ. ‘ವಾಲಿಕೆ’ ಎಂದರೆ ಹೇಗೆ? ವಾಲು ಎಂಬ ಕ್ರಿಯಾಪದ ಎಲ್ಲರಿಗೂ ಗೊತ್ತು, ‘ತೀರ್ಮಾನ ವಾಲಿತು’ ಎಂದು ಸಲೀಸಾಗಿ ಬರೆಯಬಹುದು.

ಬಯಾಸ್‌ನ ಬೇರೆ ಬೇರೆ ಬಗೆಗಳ ಹೆಸರುಗಳಲ್ಲೂ ತೊಡಕಿದೆ. ‘ಸಂಕ್ ಕಾಸ್ಟ್’ಗೆ ಮುಳುಗಿದ ಹಣ ಎಂದರೆ, ಕೊಟ್ಟ ಸಾಲ ವಾಪಸ್ ಬರಲಿಲ್ಲ ಎಂಬ ಅರ್ಥವಾಗುತ್ತದೆ. ಇಲ್ಲಿ ದುಡ್ಡನ್ನು ಯಾರೂ ಮುಳುಗಿಸಿಲ್ಲ. ಖರ್ಚಾಗಿದೆ, ಇನ್ನು ಏನು ಮಾಡಿದರೂ ಮರಳುವುದಿಲ್ಲ, ಅಷ್ಟೇ. ‘ಇಷ್ಟು ಹಾಕಿದ್ದೇವೆ, ಈಗ ಬಿಡೋದು ಹೇಗೆ’ ಎಂದು ಮುಂದುವರಿಯುವುದೇ ತಪ್ಪು. ಕಾಂಕಾರ್ಡ್ ವಿಮಾನ ಲಾಭ ತರುವುದು ಕಷ್ಟ ಎಂದು ಕಂಡ ಮೇಲೂ ಬ್ರಿಟನ್, ಫ್ರಾನ್ಸ್ ಸರ್ಕಾರಗಳು ಹಣ ಹಾಕುತ್ತಲೇ ಹೋದವು. ಈ ತಪ್ಪಿಗೆ ಆ ವಿಮಾನದ ಹೆಸರೇ ಅಂಟಿಕೊಂಡಿತು. ಸಂಕ್ ಕಾಸ್ಟ್‌ಗೆ ನಾನು ‘ಮರಳದ ಖರ್ಚು’ ಎಂದು ಬರೆದಿದ್ದೇನೆ.

‘ಹೈಂಡ್‌ಸೈಟ್ ಬಯಾಸ್’, ಅಂದರೆ ನಡೆದು ಹೋದ ಮೇಲೆ ಅದು ಮೊದಲೇ ಗೊತ್ತಿತ್ತು ಅನಿಸುವುದು, ಇನ್ನೂ ಕಷ್ಟ. ಹಿನ್ನೋಟ ಎಂದರೆ ನಮಗೆ ಅದೊಂದು ಒಳ್ಳೆಯ ಕೆಲಸ. ‘ಕೆಟ್ಟ ಮೇಲೆ ಬುದ್ಧಿ ಬಂತು’ ಎಂಬ ಗಾದೆಯೂ ಹೊಂದುವುದಿಲ್ಲ, ಅಲ್ಲಿ ಬುದ್ಧಿ ತಡವಾಗಿಯಾದರೂ ಬರುತ್ತದೆ. ಇಲ್ಲಿ ನಡೆಯುವುದು ತಿರುಗುಮುರುಗು. 1972ರಲ್ಲಿ ಅಮೆರಿಕದ ಅಧ್ಯಕ್ಷ ನಿಕ್ಸನ್ ಚೀನಾ ಮತ್ತು ಸೋವಿಯತ್ ಒಕ್ಕೂಟಕ್ಕೆ ಹೋಗುವ ಮೊದಲು, ಸಂಶೋಧಕರಾದ ಬರೂಕ್ ಫಿಶಾಫ್ ಮತ್ತು ರೂತ್ ಬೇಟ್ ಕೆಲವರಿಗೆ ಏನೇನು ಆಗಬಹುದು ಎಂದು ಕೇಳಿದ್ದರು. ಆಮೇಲೆ ನಿಮ್ಮ ಅಂದಾಜು ಎಷ್ಟಿತ್ತು ಎಂದು ಕೇಳಿದಾಗ, ನಿಜವಾಗಿ ನಡೆದದ್ದಕ್ಕೆ ತಾವು ಜಾಸ್ತಿ ಸಾಧ್ಯತೆ ಕೊಟ್ಟಿದ್ದೆವು ಎಂದೇ ಹೆಚ್ಚಿನವರ ನೆನಪು ಹೇಳಿತು. ಪ್ರಾಜೆಕ್ಟ್ ಬಿದ್ದ ಮೇಲಿನ ಮೀಟಿಂಗುಗಳಲ್ಲಿ ‘ನನಗೆ ಆಗಲೇ ಗೊತ್ತಿತ್ತು’ ಎನ್ನುವವರು ಸುಳ್ಳು ಹೇಳುತ್ತಿರಬೇಕೆಂದಿಲ್ಲ, ಅವರ ನೆನಪೇ ಬದಲಾಗಿರುತ್ತದೆ. ಆದ್ದರಿಂದ ‘ಆಗಲೇ-ಗೊತ್ತಿತ್ತು ಭ್ರಮೆ’ ಎಂದು ಇಡಬೇಕೆನಿಸಿದೆ. ಉದ್ದವಾಯಿತು, ಆದರೆ ಕೇಳಿದ ತಕ್ಷಣ ಅರ್ಥವಾಗುತ್ತದೆ.

ನಾವು ನಂಬಿದ್ದಕ್ಕೆ ಹೊಂದುವ ಸಾಕ್ಷ್ಯವನ್ನೇ ಹುಡುಕುವ ‘ಕನ್ಫರ್ಮೇಶನ್ ಬಯಾಸ್’ಗೆ ದೃಢೀಕರಣ ಎಂಬ ಪದ ಬೇಡ, ಅದು ಪ್ರಮಾಣಪತ್ರದ ಭಾಷೆ. ‘ನಂಬಿದ್ದನ್ನೇ ಹುಡುಕುವ’ ಎಂಬ ಬಿಡಿಸಿದ ರೂಪ ಸಾಕೇ, ಇಲ್ಲ ಒಂದೇ ಪದ ಕಟ್ಟಬಹುದೇ? ‘ವಾಲಿಕೆ’ಯನ್ನು ಈ ಅರ್ಥದಲ್ಲಿ ಯಾರಾದರೂ ಬಳಸಿದ್ದನ್ನು ನೀವು ಓದಿದ್ದರೆ ಆ ವಾಕ್ಯವನ್ನು ದಯವಿಟ್ಟು ತಿಳಿಸಿ.