ಶುಗರ್ ಜಾಸ್ತಿ ಇದ್ರೆ ಇನ್ಸುಲಿನ್ ಜಾಸ್ತಿ ಬರ್ಬೇಕಲ್ವಾ, ಕಮ್ಮಿ ಯಾಕೆ ಆಗ್ತದೆ?

ತೋಟದಮನೆ, ಶಿರಸಿ:
ನಮ್ಮ ಅಪ್ಪಯ್ಯಂಗೆ 61 ವರ್ಷ, ಶುಗರ್ ಬಂದು 9 ವರ್ಷ ಆಯ್ತು. ಗ್ಲಿಮೆಪಿರೈಡ್ ಮಾತ್ರೆ ಮೊದಮೊದಲು ಚೆನ್ನಾಗಿ ಹಿಡೀತಿತ್ತು, ಈಗ ಡೋಸ್ ಏರಿಸಿದ್ರೂ ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್) 9.4 ಬಂದದೆ. ಮೇದೋಜೀರಕದಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶಗಳು ಸುಸ್ತಾಗಿವೆ, ಇನ್ಸುಲಿನ್ ಶುರು ಮಾಡುವ ಅಂದ್ರು ಡಾಕ್ಟ್ರು. ಸೂಜಿ ಅಂದ್ರೆ ಕತೆ ಮುಗೀತು ಅಂತ ಅಪ್ಪಯ್ಯ ಹೆದರಿ, ಮಾತ್ರೆ ತಗೊಂಡು ಮಧ್ಯಾಹ್ನದ ಊಟ ಬಿಡ್ತಾ ಇದ್ದಾರೆ. ಸಕ್ಕರೆ ನೋಡಿಯೇ ಇನ್ಸುಲಿನ್ ಬಿಡುವ ಕೋಶ ಅಷ್ಟು ಸಕ್ಕರೆ ಇದ್ದಾಗ್ಲೇ ಯಾಕೆ ಸುಮ್ನಾಗ್ತದೆ?

ಬಯಾಲಜಿ ಮೇಷ್ಟ್ರು, ಕಾರವಾರ:
ಆ ಕೋಶ ಸಕ್ಕರೆಯನ್ನ ನೋಡೋದಲ್ಲ, ಉರಿಸಿ ತಿಳ್ಕೊಳ್ಳೋದು. ಒಳಗೆ ಬಂದ ಗ್ಲೂಕೋಸನ್ನ ಗ್ಲೂಕೊಕೈನೇಸ್ ಅನ್ನೋ ಕಿಣ್ವ ಹಿಡೀತದೆ, ಕೋಶದ ಒಲೆಯಾದ ಮೈಟೊಕಾಂಡ್ರಿಯಾದಲ್ಲಿ ಉರಿದು ಎಟಿಪಿ, ಅಂದ್ರೆ ಕೋಶದ ಶಕ್ತಿ ಆಗ್ತದೆ, ಎಟಿಪಿ ಏರಿದಾಗ ಕೋಶದ ಹೊರಪೊರೆಯ ಪೊಟ್ಯಾಶಿಯಂ ಬಾಗಿಲು ಮುಚ್ಚಿ ಕ್ಯಾಲ್ಸಿಯಂ ಒಳಗೆ ನುಗ್ತದೆ, ಆಗ ಇನ್ಸುಲಿನ್ ಹೊರಗೆ. ಗ್ಲೂಕೋಸ್ ಉರಿದಾಗ ಈ ಬಾಗಿಲು ಮುಚ್ತದೆ ಅಂತ 1984ರಲ್ಲಿ ತೋರಿಸಿದವ್ರು ಬ್ರಿಟನ್ನಿನ ವಿಜ್ಞಾನಿ ಫ್ರಾನ್ಸೆಸ್ ಆಶ್‌ಕ್ರಾಫ್ಟ್. ಹಗಲು ರಾತ್ರಿ ಶುಗರ್ ಏರಿಯೇ ಇದ್ರೆ ಉರಿಸುವ ಒಲೆಯೇ ಕೆಡ್ತದೆ, ಎಟಿಪಿ ಸಾಲೋದಿಲ್ಲ, ಬಾಗಿಲು ಸರಿ ಮುಚ್ಚೋದಿಲ್ಲ. 2022ರಲ್ಲಿ ಅವ್ರದ್ದೇ ಆಕ್ಸ್‌ಫರ್ಡ್ ತಂಡ, ಹಾಳು ಮಾಡೋದು ಗ್ಲೂಕೋಸ್ ಅಲ್ಲ, ಅದು ಒಡೆದಾಗ ಹುಟ್ಟುವ ವಸ್ತುಗಳು ಅಂತ ಹೇಳ್ತು. ಗ್ಲೂಕೊಕೈನೇಸನ್ನ ತಡೆದಾಗ ಕೋಶ ಅಷ್ಟು ಕೆಡ್ಲಿಲ್ಲ. ಇದು ಇಲಿ ಮತ್ತು ಲ್ಯಾಬಿನ ಕೋಶಗಳಲ್ಲಿ ಕಂಡದ್ದು, ಮಾತ್ರೆಯಾಗಿ ಬಂದಿಲ್ಲ. ಆದ್ರೆ ಹೊರಗಿಂದ ಇನ್ಸುಲಿನ್ ಕೊಟ್ಟು ಶುಗರ್ ಇಳಿಸಿದ್ರೆ ಉಳಿದ ಕೋಶಗಳ ಮೇಲಿನ ಹೊರೆ ಇಳೀತದೆ. ಅಪ್ಪಯ್ಯಂಗೆ ಇದನ್ನೇ ಹೇಳಿ, ಸೂಜಿ ಅಂದ್ರೆ ಕೋಶಕ್ಕೆ ರಜೆ.

ಕುಮಟಾದಿಂದ:
ನಮ್ಮ ಆಯಿಗೂ ಇದೇ ಹೆದರಿಕೆ ಇತ್ತು. ಶುರು ಮಾಡಿ ನಾಲ್ಕು ತಿಂಗಳಿಗೆ ಡಾಕ್ಟ್ರೇ ಯುನಿಟ್ ಇಳಿಸಿದ್ರು, ಎಲ್ರಿಗೂ ಹಾಗೆ ಆಗ್ತದೆ ಅಂತಲ್ಲ. ಬೆಳಿಗ್ಗೆ ದೋಸೆಗೆ ಜೋನಿಬೆಲ್ಲ ಬಿಡಿಸೋದೇ ನಮ್ಗೆ ಸೂಜಿಗಿಂತ ಕಷ್ಟ ಆದದ್ದು.

ನರ್ಸ್ ಅಕ್ಕ, ಹೊನ್ನಾವರ:
ಊಟ ಬಿಡ್ತಾರೆ ಅಂದ್ರಲ್ಲ, ಮೊದ್ಲು ಅದನ್ನ ನೋಡಿ ತಮ್ಮಾ. ಮೇಷ್ಟ್ರು ಹೇಳಿದ ಬಾಗಿಲನ್ನೇ ಗ್ಲಿಮೆಪಿರೈಡ್ ನೇರ ಮುಚ್ತದೆ, ಸಕ್ಕರೆ ಇರಲಿ ಬಿಡಲಿ. ಊಟ ಇಲ್ದೆ ಆ ಮಾತ್ರೆ ನುಂಗಿದ್ರೆ ಶುಗರ್ ಪೂರ್ತಿ ಇಳಿದು ಬೀಳ್ತಾರೆ. ಬೆವರು, ನಡುಕ ಬಂತಾ ಕೇಳಿ.

ತೋಟದಮನೆ, ಶಿರಸಿ:
ಕೇಳ್ದೆ ಅಕ್ಕಾ, ನಿನ್ನೆ ನಾಲ್ಕು ಗಂಟೆಗೆ ತೋಟದಲ್ಲಿ ಕೈ ನಡುಗಿತ್ತಂತೆ, ಬಿಸಿಲಿಗೆ ಅಂದ್ಕೊಂಡಿದ್ರಂತೆ. ಡಾಕ್ಟ್ರಿಗೆ ಈಗ್ಲೇ ಫೋನ್ ಮಾಡ್ತಾ ಇದ್ದೇನೆ.